ಕವಡಿದ್ವೀಪ

ಧಾರವಾಡದಿಂದ ಬೆಳಗಾವಿಯ ದಾರಿ ಹಿಡಿದರೆ ಪೇಟೆ ದಾಟಿದ ಸ್ವಲ್ಪ ಹೊತ್ತಿಗೆ ನರೇಂದ್ರ ಎಂಬ ಊರು ಸಿಗುತ್ತದೆ. ಕಡಲು ಅಲ್ಲಿಂದ ಬಹಳ ದೂರ. ಆದರೂ 1125ರ ಸುಮಾರಿಗೆ, ಗೋವೆಯ ಕದಂಬರ ಆಳ್ವಿಕೆಯಲ್ಲಿ ಆ ಊರಿನಲ್ಲಿ ಕೆತ್ತಿಸಿದ ಕನ್ನಡ ಶಾಸನ ಹೇಳುವುದು ಕಡಲಿನ ಕಥೆಯನ್ನು. ಛಟ್ಟಯ್ಯದೇವ, ಅಂದರೆ ಇಮ್ಮಡಿ ಷಷ್ಠದೇವ, ಕವಡಿದ್ವೀಪವನ್ನೂ ಇನ್ನೂ ಹಲವು ನಾಡುಗಳನ್ನೂ ಗೆದ್ದನಂತೆ. ಹಡಗುಗಳನ್ನು ಸಾಲುಗಟ್ಟಿ ನಿಲ್ಲಿಸಿ ಲಂಕೆಯವರೆಗೆ ಸೇತುವೆ ಮಾಡಿದನಂತೆ. ಅವನು ಕಡಲಿನಲ್ಲಿ ವಿಹರಿಸುತ್ತಿದ್ದಾನೆಂಬ ಸುದ್ದಿ ಕಿವಿಗೆ ಬಿದ್ದು ಠಾಣೆಯ ಮುಮ್ಮುರಿ ತಾನೇ ಎದುರುಗೊಳ್ಳಲು ಬಂದ. ಕಂಡು, ಅರಮನೆಗೆ ಕರೆದೊಯ್ದು ಉಪಚರಿಸಿದ. ಮಗಳನ್ನು ವೈಭವದಿಂದ ಧಾರೆಯೆರೆದು ಕೊಟ್ಟ. ಅಳಿಯನಿಗೆ ಐದು ಲಕ್ಷ ಹೊನ್ನು ಕೊಟ್ಟ.

ಈ ಠಾಣೆ ನಮ್ಮ ಠಾಣೆಯೇ. ಮುಮ್ಮುರಿ ಎಂದರೆ ಉತ್ತರ ಕೊಂಕಣದ ಶಿಲಾಹಾರ ದೊರೆ ಮುಮ್ಮುಣಿ. ಹಾಗಾದರೆ ಕವಡಿದ್ವೀಪ?

ನವಿಮುಂಬಯಿಯ ಸಾನಪಾಡಾದಲ್ಲಿ ವಾಸಿಸುವವರಿಗೆ ಅದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಪಾಮ್ ಬೀಚ್ ರಸ್ತೆಯ ಆಚೆ ಕಾಂಡ್ಲಾ ಕಾಡು, ಅದರಾಚೆ ಠಾಣೆಯ ಖಾಡಿ ಎಂಬ ಕಡಲ ಚಾಚು, ಖಾಡಿಯಾಚೆ ಟ್ರಾಂಬೆಯ ಗುಡ್ಡ. ಸಾನಪಾಡಾ, ತುರ್ಭೆ, ನೆರೂಳ್ ಇವೆಲ್ಲ ಇರುವುದು ಒಳನಾಡಿನ ದಂಡೆಯಲ್ಲಿ. ಎದುರಿಗೆ ಕಾಣುವುದು ದ್ವೀಪಗಳ ನಾಡು. ವಾಶಿ ಸೇತುವೆ 1973ರಲ್ಲಿ ತೆರೆದ ಮೇಲೆ, ರೈಲು 1992ರಲ್ಲಿ ಮಾನಖುರ್ದಿನಿಂದ ವಾಶಿಗೆ ಬಂದ ಮೇಲೆ ನೀರು ದಾಟುತ್ತಿದ್ದೇವೆ ಎಂಬ ಅರಿವೇ ನಮಗೆ ಉಳಿದಿಲ್ಲ. ಘಾಟಕೋಪರ್, ಬೋರಿವಲಿ, ಮುಲುಂಡ್, ಠಾಣೆ ಶಹರ, ಇವೆಲ್ಲ ಒಂದೇ ದ್ವೀಪದ ಮೇಲಿನ ಊರುಗಳೆಂದರೆ ಅಲ್ಲೇ ಹುಟ್ಟಿ ಬೆಳೆದವರೂ ಒಮ್ಮೆ ಯೋಚಿಸುತ್ತಾರೆ. ಬಡಗಣ ದಿಕ್ಕಿಗೆ ಉಲ್ಹಾಸ ನದಿ ಸೇರುವ ವಸಾಯಿ ಖಾಡಿ, ಮೂಡಣಕ್ಕೆ ಠಾಣೆ ಖಾಡಿ, ಪಡುವಣಕ್ಕೆ ತೆರೆದ ಕಡಲು. ಈ ದ್ವೀಪಕ್ಕೆ ಮರಾಠಿಯಲ್ಲಿ ಸಾಷ್ಟಿ ಎಂದು ಹೆಸರು. ಅದರ ತೆಂಕಣ ತುದಿಯಲ್ಲಿ ಮುಂಬಯಿಯ ಸಣ್ಣ ದ್ವೀಪಗಳಿದ್ದವು. ಪಕ್ಕದಲ್ಲಿ ಟ್ರಾಂಬೆ, ಬಂದರಿನ ನಡುವೆ ಘಾರಾಪುರಿ, ಅದರ ಎದುರಿಗೆ ಉರಣ್ ಇರುವ ಕಾರಂಜಾ.

ಸಾಷ್ಟಿ ಎಂಬ ಹೆಸರಿನ ಮೂಲ ಗೊಂದಲವಿಲ್ಲದೆ ತಿಳಿಯುತ್ತದೆ. ಭಾಂಡುಪಿನಲ್ಲಿ ಸಿಕ್ಕ ಶಿಲಾಹಾರ ಅರಸ ಛಿತ್ತರಾಜನ ತಾಮ್ರಪಟ, ಶಕ 948 ಅಂದರೆ 1026ರದು, ದಾನಕೊಟ್ಟ ಹಳ್ಳಿ ಶ್ರೀಸ್ಥಾನಕಕ್ಕೆ ಸೇರಿದ ಷಟ್‌ಷಷ್ಟಿ ವಿಷಯದಲ್ಲಿದೆ ಎನ್ನುತ್ತದೆ. ಸ್ಥಾನಕವೇ ಠಾಣೆ. ಷಟ್‌ಷಷ್ಟಿ ಎಂದರೆ ಅರವತ್ತಾರು, ಅರವತ್ತಾರು ಹಳ್ಳಿಗಳ ಸೀಮೆ. ಗೋವೆಯ ಸಾಸಷ್ಟಿಗೂ ಇದೇ ಲೆಕ್ಕದಿಂದ ಹೆಸರು ಬಂತು. ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಎಂದು ಓದಿ ಬೆಳೆದ ಕನ್ನಡಿಗರಿಗೆ ನಾಡನ್ನು ಹಳ್ಳಿಗಳ ಎಣಿಕೆಯಿಂದ ಕರೆಯುವ ಈ ಪದ್ಧತಿ ಹೊಸದಲ್ಲ. ಇಡೀ ಉತ್ತರ ಕೊಂಕಣವೂ ಶಿಲಾಹಾರರ ಶಾಸನಗಳಲ್ಲಿ ಪುರಿ ಮೊದಲಾದ 1400 ಹಳ್ಳಿಗಳ ನಾಡು. 1787ರಲ್ಲಿ ಠಾಣೆಯ ಕೋಟೆಯಲ್ಲಿ ಹೊಸ ಕಟ್ಟಡಕ್ಕಾಗಿ ಅಗೆಯುವಾಗ ಸಿಕ್ಕ ಶಿಲಾಹಾರ ಅರಸ ಅರಿಕೇಸರಿಯ ತಾಮ್ರಪಟ, ಶಕ 939ರದು, ಇದೇ ಮಾತು ಹೇಳುತ್ತದೆ. ಮರುವರ್ಷ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯ ಮೊದಲ ಸಂಪುಟದಲ್ಲಿ ಅದರ ಅನುವಾದ ಅಚ್ಚಾಯಿತು. ಭಾರತದಲ್ಲಿ ತಾಮ್ರಶಾಸನಗಳ ಆಧುನಿಕ ಅಧ್ಯಯನ ಕಣ್ಣುಬಿಡುವ ಹೊತ್ತಿಗೆ ಅದರ ಮುಂದಿದ್ದ ಕೆಲವೇ ಶಾಸನಗಳಲ್ಲಿ ಠಾಣೆಯದೂ ಒಂದು. ಆ ಕೋಟೆಯೇ ಇಂದಿನ ಠಾಣೆಯ ಜೈಲು.

ಆದರೆ ಪುರಿ ಎಲ್ಲಿತ್ತು? ಇಲ್ಲಿಂದ ಕನ್ನಡದ ಕಥೆ ಶುರುವಾಗುತ್ತದೆ. 634ರಲ್ಲಿ ರವಿಕೀರ್ತಿ ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಇಮ್ಮಡಿ ಪುಲಿಕೇಶಿಯ ಗೆಲುವುಗಳನ್ನು ಬರೆಸಿದಾಗ ಕೊಂಕಣದ ಮೌರ್ಯರನ್ನು ಮರೆಯಲಿಲ್ಲ. ಪಡುಗಡಲಿನ ಲಕ್ಷ್ಮಿ ಎನಿಸಿದ ಪುರಿಯನ್ನು ಪುಲಿಕೇಶಿ ಆನೆಗಳಂತಿದ್ದ ನೂರಾರು ಹಡಗುಗಳಿಂದ ಮುತ್ತಿದನೆಂದು ಆ ಶಾಸನ ಹೇಳುತ್ತದೆ. ಕೆಲವು ವಿದ್ವಾಂಸರು ಈ ಪುರಿಯನ್ನು ಜಂಜೀರಾ ಬಳಿಯ ರಾಜಪುರಿ ಎಂದರು. ಹಲವರು ಘಾರಾಪುರಿ ಎಂದರು. ನನಗೆ ಘಾರಾಪುರಿಯ ವಾದವೇ ಬಲವಾಗಿ ಕಾಣುತ್ತದೆ. ಆರನೇ ಶತಮಾನದ ನಡುಭಾಗದ ಹೊತ್ತಿಗೇ ಅಷ್ಟು ದೊಡ್ಡ ಗುಹಾದೇವಾಲಯವನ್ನು ಕೊರೆಸುವಷ್ಟು ಸಿರಿ ಆ ದ್ವೀಪಕ್ಕೆ ಹರಿದು ಬಂದಿತ್ತು. ಖಾಡಿಯ ಬಾಯಿಯಲ್ಲೇ ಕೂತಿರುವ ಅದನ್ನು ಹಿಡಿದವನಿಗೆ ಠಾಣೆ, ಕಲ್ಯಾಣಗಳಿಗೆ ಹೋಗುವ ಜಲಮಾರ್ಗವೂ ಕೈಗೆ ಬರುತ್ತಿತ್ತು. ಬಾದಾಮಿಯ ಕೆಂಪು ಬಂಡೆಗಳ ನಡುವಿನಿಂದ ಹೊರಟ ಸೈನ್ಯ ಈ ನೀರಿನಲ್ಲಿ ಹಡಗಿನಿಂದ ಕಾದಾಡಿತ್ತು ಎಂಬುದನ್ನು ನಮ್ಮ ಮಕ್ಕಳಿಗೆ ಯಾವ ಪಠ್ಯಪುಸ್ತಕವೂ ಸ್ಥಳ ತೋರಿಸಿ ಹೇಳುವುದಿಲ್ಲ. ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದದ್ದು ಎಲ್ಲರಿಗೂ ಗೊತ್ತು; ಪುರಿಯ ಮುತ್ತಿಗೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಚಾಲುಕ್ಯರ ನಂತರ ರಾಷ್ಟ್ರಕೂಟರು. ಅವರ ಸಾಮಂತರಾಗಿ ಒಂಬತ್ತನೇ ಶತಮಾನದ ಆರಂಭದಲ್ಲಿ ಉತ್ತರ ಕೊಂಕಣಕ್ಕೆ ಬಂದವರು ಶಿಲಾಹಾರರು. ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು. ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರೇ ತಗರ. ಹಾವುಗಳಿಗಾಗಿ ಗರುಡನಿಗೆ ತನ್ನನ್ನೇ ಒಪ್ಪಿಸಿಕೊಂಡ ಜೀಮೂತವಾಹನ ಅವರ ವಂಶದ ಮೂಲಪುರುಷ. ಚಿನ್ನದ ಗರುಡ ಅವರ ಬಾವುಟ. ಈ ಮನೆತನಕ್ಕೆ ಮೂರು ಕವಲು: ಕೊಲ್ಹಾಪುರದ್ದೊಂದು, ದಕ್ಷಿಣ ಕೊಂಕಣದ್ದೊಂದು, ಠಾಣೆಯದೊಂದು. ಠಾಣೆಯ ಕವಲಿನ ಮೊದಲ ಅರಸನ ಹೆಸರು ಕಪರ್ದಿ. ಅವನ ಮಗ ಪುಲ್ಲಶಕ್ತಿ, ಮೊಮ್ಮಗ ಇನ್ನೊಬ್ಬ ಕಪರ್ದಿ.

ಇವರ ಮಾತು ಕೇಳಬೇಕಾದರೆ ಕಾನ್ಹೇರಿಗೆ ಹೋಗಬೇಕು. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ, ಸಾಷ್ಟಿ ದ್ವೀಪದ ನಟ್ಟನಡುವಿನ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಅಲ್ಲಿನ ಗೋಡೆಗಳಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತವಿದೆ, ಸಂಸ್ಕೃತವಿದೆ, 1009 ಮತ್ತು 1021ರಲ್ಲಿ ಬಂದು ಹೋದ ಪಾರಸಿ ಯಾತ್ರಿಕರು ತಮ್ಮ ಪಹ್ಲವಿ ಲಿಪಿಯಲ್ಲಿ ಬರೆಸಿದ ಹೆಸರುಗಳಿವೆ. ಈ ನಡುವೆ ಶಕ 765, 775, 799ರ ಮೂರು ಸಂಸ್ಕೃತ ಬರಹಗಳಲ್ಲಿ ಅಮೋಘವರ್ಷನ ಹೆಸರು ಬರುತ್ತದೆ. ಕವಿರಾಜಮಾರ್ಗದ ಅಮೋಘವರ್ಷ ನೃಪತುಂಗನೇ ಇವನು. ಮೊದಲನೆಯದರಲ್ಲಿ, ಅಮೋಘವರ್ಷನ ಕೃಪೆಯಿಂದ ಪುಲ್ಲಶಕ್ತಿ ಪುರಿ ಮೊದಲಾದ ಕೊಂಕಣವನ್ನು ಆಳುತ್ತಿದ್ದಾನೆ. ವೃದ್ಧ ಅಧಿಕಾರಿಯೊಬ್ಬ ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಗಳಿಗೆ ದ್ರಮ್ಮ ನಾಣ್ಯಗಳನ್ನು ಇಟ್ಟಿದ್ದಾನೆ. ಶಕ 775ರದು, ದರ್ಬಾರ್ ಗುಹೆ ಎಂದು ಕರೆಯುವಲ್ಲಿದೆ. ಗೌಡದೇಶದಿಂದ, ಅಂದರೆ ಬಂಗಾಳದಿಂದ, ಬಂದ ಅವಿಘ್ನಾಕರನೆಂಬ ಬೌದ್ಧ ಭಕ್ತ ಧ್ಯಾನದ ಕೋಣೆಗಳನ್ನು ಮಾಡಿಸಿ ನೂರು ದ್ರಮ್ಮ ಕೊಟ್ಟದ್ದನ್ನು ಅದು ದಾಖಲಿಸುತ್ತದೆ. ಬಂಗಾಳದ ಬೌದ್ಧ, ಕೊಂಕಣದ ಶೈವ ಸಾಮಂತ, ಮಾನ್ಯಖೇಟದ ಜೈನಪಕ್ಷಪಾತಿ ಚಕ್ರವರ್ತಿ, ಮೂವರೂ ಒಂದೇ ಗೋಡೆಯಲ್ಲಿ. ಅದೇ ಹತ್ತಿಪ್ಪತ್ತು ವರ್ಷಗಳಲ್ಲಿ ಮಾನ್ಯಖೇಟದ ಆಸ್ಥಾನದಲ್ಲಿ ಶ್ರೀವಿಜಯ ಕನ್ನಡ ನಾಡಿನ ಎಲ್ಲೆ ಕಾವೇರಿಯಿಂದ ಗೋದಾವರಿ ಎಂದು ಬರೆದ.

ಆ ಎಲ್ಲೆಯೊಳಗೆ ಈ ದ್ವೀಪಗಳು ಸೇರಿದ್ದವೇ? ಈ ಪ್ರಶ್ನೆಯನ್ನು ಅಭಿಮಾನದಿಂದ ಉತ್ತರಿಸುವುದು ಸುಲಭ. ಆದರೆ ಆ ಕಾಲದಲ್ಲೇ ಇಲ್ಲಿಗೆ ಬಂದು ಕಿವಿಯಾರೆ ಕೇಳಿದ ಪರದೇಶಿಯೊಬ್ಬ ನಮಗಿದ್ದಾನೆ. ಬಾಗ್ದಾದಿನ ಅಲ್ ಮಸೂದಿ ಹಿಜರಿ 304ರಲ್ಲಿ, ಅಂದರೆ 916ರ ಸುಮಾರಿಗೆ, ಸೈಮೂರಿಗೆ ಬಂದ. ಸೈಮೂರ್ ಎಂದರೆ ಅಲಿಬಾಗಿನ ತೆಂಕಣದ ಚೌಲ್. ಆಗ ಅಲ್ಲಿ ಆಳುತ್ತಿದ್ದವನು ಝಂಝ ಎಂದು ಬರೆದಿದ್ದಾನೆ. ಅವನು ಠಾಣೆಯ ಶಿಲಾಹಾರ ಅರಸ. ಸುಮಾರು ಹತ್ತು ಸಾವಿರ ಮುಸ್ಲಿಮರು ಅಲ್ಲಿದ್ದರೆಂದೂ ಬರೆದಿದ್ದಾನೆ. ಇವರೆಲ್ಲರ ಮೇಲಿನ ದೊಡ್ಡ ದೊರೆ ಬಲ್ಹರಾ, ನಮ್ಮ ಶಾಸನಗಳ ಬಲ್ಲಹ, ರಾಷ್ಟ್ರಕೂಟ ವಲ್ಲಭ. ಆಮೇಲೆ ಮಸೂದಿ ಭಾಷೆಯ ವಿಷಯಕ್ಕೆ ಬರುತ್ತಾನೆ: ಬಲ್ಹರಾನ ರಾಜಧಾನಿ ಮಾನ್ಕೀರಿನಲ್ಲಿ, ಅಂದರೆ ಮಾನ್ಯಖೇಟದಲ್ಲಿ, ಆಡುವ ನುಡಿ ಕೀರಿಯಾ, ಸೈಮೂರ್, ಸೋಪಾರಾ, ಠಾಣೆ ಮುಂತಾದ ಕರಾವಳಿ ಊರುಗಳಲ್ಲಿ ಆಡುವ ನುಡಿ ಲಾರಿಯಾ. ಕೀರಿಯಾ ಎಂಬುದನ್ನು ಹಲವು ವಿದ್ವಾಂಸರು ಕನ್ನಡವೆಂದೇ ಓದಿದ್ದಾರೆ. ಲಾರ್ ಎಂಬುದು ಗುಜರಾತಿನ ಕಡೆಯ ಲಾಟ ದೇಶಕ್ಕೂ ಅದರ ಎದುರಿನ ಕಡಲಿಗೂ ಅರಬರು ಇಟ್ಟ ಹೆಸರು.

ಈ ಎರಡು ಮಾತುಗಳನ್ನು ನಾನು ಬಹಳ ಬೆಲೆಯುಳ್ಳವು ಎಂದು ನಂಬಿದ್ದೇನೆ. ಮಸೂದಿಗೆ ಕನ್ನಡದ ಅಭಿಮಾನವೂ ಇರಲಿಲ್ಲ, ಮರಾಠಿ, ಗುಜರಾತಿಯ ಹಂಗೂ ಇರಲಿಲ್ಲ. ಒಂದೇ ಸಾಮ್ರಾಜ್ಯ, ಒಳನಾಡಿನಲ್ಲೊಂದು ನುಡಿ, ಕರಾವಳಿಯಲ್ಲಿ ಇನ್ನೊಂದು ನುಡಿ ಎಂದು ಅವನು ಕಂಡ. ಠಾಣೆಯ ಬೆಸ್ತರು, ಉಪ್ಪು ಮಾಡುವವರು, ವ್ಯಾಪಾರಿಗಳು ಕನ್ನಡ ಆಡುತ್ತಿರಲಿಲ್ಲ.

ಆದರೆ ಅವರನ್ನು ಆಳುತ್ತಿದ್ದವರು? ಇಲ್ಲಿ ಶಿಲಾಹಾರರ ಬಿರುದುಗಳನ್ನು ನೋಡಬೇಕು. ಸಂಸ್ಕೃತದಲ್ಲಿ ಬರೆದ ದಾನಪಟಗಳ ನಡುವೆ ಇದ್ದಕ್ಕಿದ್ದಂತೆ ಮಲಗಲಗಂಡ ಎಂದು ಬರುತ್ತದೆ, ನನ್ನಿಸಮುದ್ರ ಎಂದು ಬರುತ್ತದೆ, ವಿಲ್ಲವಿಡೆಂಗ ಎಂದು ಬರುತ್ತದೆ. ಹೊಯ್ಸಳರ ಮಲೆಪರೊಳ್ ಗಂಡ, ಕಲ್ಯಾಣ ಚಾಲುಕ್ಯರ ಇರಿವಬೆಡಂಗ ಗೊತ್ತಿರುವವರಿಗೆ ಇವುಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಲೆಗಳ ಗಂಡ, ನನ್ನಿಯ, ಅಂದರೆ ಸತ್ಯದ, ಸಮುದ್ರ, ಬಿಲ್ಲಿನ ಬೆಡಗುಗಾರ. ಬರೆಯುವವನು ಕನ್ನಡ ಬಾರದ ಕರಣಿಕನಿರಬೇಕು, ಅಕ್ಷರ ತುಸು ಸೊಟ್ಟಗಾಗಿದೆ. ಬಿರುದು ಮಾತ್ರ ಹಾಗೇ ಉಳಿದಿದೆ. ವಪ್ಪುವನ್ನ, ಗೊಗ್ಗಿ, ವಜ್ಜಡ ಎಂಬ ಅರಸರ ಹೆಸರುಗಳೂ ಅದೇ ಧಾಟಿಯವು. ಶಿಲಾಹಾರರ ಇತಿಹಾಸ ಬರೆದ ಅ. ಸ. ಅಲ್ತೇಕರರು ಈ ಮನೆತನದ ಮಾತೃಭಾಷೆ ಕನ್ನಡವಾಗಿದ್ದಿರಬೇಕು ಎಂದು ಈ ಆಧಾರದ ಮೇಲೇ ಹೇಳಿದರು. ಮರಾಠಿ ವಿದ್ವಾಂಸರೊಬ್ಬರು ಸಾಕ್ಷ್ಯ ಹೇಳಿದ್ದನ್ನು ಇದ್ದಂತೆ ಒಪ್ಪಿದ ಆ ನೇರವಂತಿಕೆ ನಮ್ಮ ಕಾಲಕ್ಕೂ ಬೇಕಾದದ್ದು. ಇದೇ ವಂಶದ ಕೊಲ್ಹಾಪುರದ ಕವಲು ಕನ್ನಡದಲ್ಲೇ ಹಲವು ಶಾಸನಗಳನ್ನು ಕೆತ್ತಿಸಿತು. ನೇಮಿನಾಥಪುರಾಣದ ಕವಿ ಕರ್ಣಪಾರ್ಯನಿಗೆ ಆಶ್ರಯ ಸಿಕ್ಕಿದ್ದು ಅಲ್ಲಿಯೇ.

ಇಂಥದೇ ಇನ್ನೊಂದು ಸುಳಿವು ಬಡಗಣ ಕರಾವಳಿಯಲ್ಲಿದೆ. ಡಹಾಣು ಬಳಿಯ ಚಿಂಚಣಿಯಲ್ಲಿ ಸಿಕ್ಕ 926ರ ರಾಷ್ಟ್ರಕೂಟ ತಾಮ್ರಪಟದಲ್ಲಿ ಸಂಜಾಣದ ರಾಜ್ಯಪಾಲ ಒಬ್ಬ ಅರಬ. ಮಹಮ್ಮದ್ ಎಂಬ ಹೆಸರು ಮಧುಮತಿ ಎಂದಾಗಿದೆ. ಇಮ್ಮಡಿ ಕೃಷ್ಣ ಅವನನ್ನು ನೇಮಿಸಿದ್ದ. ಹೊಳೆ ದಾಟುವವರಿಗೆ ಪುಕ್ಕಟೆ ದೋಣಿ, ಅನ್ನ, ತುಪ್ಪದ ಛತ್ರ ಇದ್ದದ್ದನ್ನು ಶಾಸನ ಹೇಳುತ್ತದೆ. ಮಠ ಕಟ್ಟಿಸಿದ ಬ್ರಾಹ್ಮಣನ ಹೆಸರು ಅಣ್ಣಯ್ಯ, ಅವನ ಗೆಳೆಯ ಮಂತ್ರಿಯ ಹೆಸರು ಪುವ್ವಯ್ಯ. ಈ ಹೆಸರುಗಳು ಯಾವ ನೆಲದವೆಂದು ಕನ್ನಡಿಗರಿಗೆ ಕೇಳಿದೊಡನೆ ತಿಳಿಯುತ್ತದೆ.

973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಮುಗಿಸಿ ಚಾಲುಕ್ಯ ಪಟ್ಟವನ್ನು ಮತ್ತೆ ಕಟ್ಟಿದ. ಹಲವು ಸಾಮಂತರು ಹೊಸ ಒಡೆಯನಿಗೆ ತಲೆಬಾಗಿದರು. ಠಾಣೆಯ ಅಪರಾಜಿತ ಬಾಗಲಿಲ್ಲ. ಭಿವಂಡಿ ಬಳಿಯ ಭಾದಾಣೆಯಲ್ಲಿ ಸಿಕ್ಕ ಅವನ 997ರ ತಾಮ್ರಪಟ ತನ್ನ ವಂಶಕ್ಕಿಂತ ಮೊದಲು ರಾಷ್ಟ್ರಕೂಟರ ವಂಶಾವಳಿಯನ್ನು ದೀರ್ಘವಾಗಿ ಹೇಳುತ್ತದೆ, ತೈಲಪನಿಂದ ಆ ರಟ್ಟರಾಜ್ಯ ಅಳಿದು ನೆನಪು ಮಾತ್ರ ಉಳಿಯಿತೆಂದು ದುಃಖಿಸುತ್ತದೆ. ಅರಸು ಮನೆತನವೊಂದು ಅಳಿದು ಇಪ್ಪತ್ತನಾಲ್ಕು ವರ್ಷಗಳ ನಂತರ, ಯಾವ ಲಾಭವೂ ಇಲ್ಲದೆ, ತಾನು ಸ್ವತಂತ್ರನಾಗಿದ್ದರೂ, ಹಳೆಯ ಒಡೆಯನನ್ನು ಹೀಗೆ ನೆನೆದ ಸಾಮಂತ ನಮ್ಮ ಇತಿಹಾಸದಲ್ಲಿ ವಿರಳ. ಅಪರಾಜಿತನನ್ನು ನಾನು ಈ ಒಂದು ತಾಮ್ರಪಟಕ್ಕಾಗಿಯೇ ಗೌರವಿಸುತ್ತೇನೆ.

ಈಗ ಕವಡಿದ್ವೀಪದ ಹೆಸರಿಗೆ ಬರೋಣ. ಸಂಸ್ಕೃತದಲ್ಲಿ ಬರೆದ ಕದಂಬ ಶಾಸನಗಳು ಕಪರ್ದಿಕಾದ್ವೀಪ ಎನ್ನುತ್ತವೆ, ಕನ್ನಡದಲ್ಲಿ ಬರೆದದ್ದು ಕವಡಿದ್ವೀಪ ಎನ್ನುತ್ತದೆ. ಕಪರ್ದ ಎಂದರೆ ಜಡೆಗಟ್ಟಿದ ಕೂದಲು. ಅದನ್ನು ಹೊತ್ತ ಶಿವ ಕಪರ್ದಿ. ಕಪರ್ದ, ಕಪರ್ದಿಕಾ ಎಂದರೆ ಕವಡೆಯೂ ಹೌದು. ವಂಶದ ಮೊದಲ ಅರಸ ಕಪರ್ದಿಯಿಂದ ನಾಡಿಗೆ ಹೆಸರು ಬಂತೆಂದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ನನ್ನ ಊಹೆಯೂ ಹಾಗೆಯೇ, ಆದರೆ ನಾವಿಕರ ಬಾಯಿಗೆ ಅದು ಇಷ್ಟು ಸಲೀಸಾಗಿ ಒಗ್ಗಲು ಕವಡೆಯೂ ಕಾರಣವಿರಬೇಕು. ಆ ಕಾಲದ ಚಿಲ್ಲರೆ ಹಣ ಕವಡೆ. ಅದು ಬರುತ್ತಿದ್ದದ್ದು ಮಾಲ್ದೀವಿನ ಕಡಲಿನಿಂದ. ಷಷ್ಠದೇವನ ಸಮಕಾಲೀನನಾದ ಅಲ್ ಬಿರೂನಿ ಆ ದ್ವೀಪಗಳನ್ನು ಎರಡಾಗಿ ವಿಂಗಡಿಸಿ ಒಂದನ್ನು ಕವಡೆಯ ದ್ವೀಪಗಳೆಂದೂ ಇನ್ನೊಂದನ್ನು ತೆಂಗಿನ ನಾರಿನ ದ್ವೀಪಗಳೆಂದೂ ಕರೆದ. ಮಾಲ್ದೀವಿನವರು ಇಂದಿಗೂ ತಮ್ಮನ್ನೂ ತಮ್ಮ ನುಡಿಯನ್ನೂ ದಿವೆಹಿ ಎನ್ನುತ್ತಾರೆ. ದ್ವೀಪ ಎಂಬ ಶಬ್ದವೇ ಅಲ್ಲಿ ಜನರ ಹೆಸರಾಯಿತು, ಭಾಷೆಯ ಹೆಸರಾಯಿತು, ದೇಶದ ಹೆಸರಾಯಿತು. ಗೋವೆಯಿಂದ ಹೊರಟ ಹಡಗಿನವನಿಗೆ ತೆಂಕಣಕ್ಕೆ ಹೋದರೆ ಅಂಥ ದ್ವೀಪಗಳು, ಬಡಗಣಕ್ಕೆ ಬಂದರೆ ಇಂಥವು.

ದ್ವೀಪ ಎಂದು ಕರೆದದ್ದರಲ್ಲೂ ಒಂದು ದೃಷ್ಟಿಯಿದೆ. ಶಿಲಾಹಾರರು ತಮ್ಮ ರಾಜ್ಯವನ್ನು ಹಳ್ಳಿಗಳ ಲೆಕ್ಕದಲ್ಲಿ ಕಂಡರು, ನೆಲದ ಮೇಲೆ ನಿಂತು ಕಂದಾಯ ಎತ್ತುವವರು ಹಾಗೆಯೇ ಕಾಣುತ್ತಾರೆ. ಕದಂಬರು ಕಡಲಿನಿಂದ ಕಂಡರು. ಕಾರಂಜಾ, ಘಾರಾಪುರಿ, ಟ್ರಾಂಬೆ, ಮುಂಬಯಿಯ ತುಂಡುಗಳು, ಸಾಷ್ಟಿ, ಹಡಗಿನ ಮೇಲಿನಿಂದ ನೋಡಿದರೆ ಇದು ದ್ವೀಪವೇ. ಹೊರಗಿನವರು ಇಟ್ಟ ಹೆಸರು, ಕನ್ನಡ ಕಲ್ಲಿನಲ್ಲಿ ಉಳಿದ ಹೆಸರು.

ಬೀಗತನ ಬಹುಕಾಲ ಬಾಳಲಿಲ್ಲ. ಷಷ್ಠದೇವನ ಮಗ ಮೊದಲನೆಯ ಜಯಕೇಶಿ ಕಪರ್ದಿಕಾದ್ವೀಪದ ಅರಸನನ್ನು ಕೊಂದನೆಂದು ಕದಂಬರ ದಾಖಲೆಗಳೇ ಹೇಳುತ್ತವೆ. ಸತ್ತವನು ಮುಮ್ಮುಣಿಯೇ ಇರಬೇಕೆಂದು ಹಲವರ ಅಭಿಪ್ರಾಯ. ಹಾಗಿದ್ದರೆ ಮಗಳನ್ನು ಕೊಟ್ಟ ಮನೆಯಿಂದಲೇ ಅವನಿಗೆ ಸಾವು ಬಂತು. ಮುಮ್ಮುಣಿಯ ನೆನಪಿಗೆ ಮಾತ್ರ ದೊಡ್ಡ ಗುರುತು ಉಳಿದಿದೆ: ಅಂಬರನಾಥದ ಶಿವಾಲಯ. ವಾಲಧುನಿ ಹೊಳೆಯ ದಂಡೆಯಲ್ಲಿ, ಸುತ್ತ ಕಾರ್ಖಾನೆ, ಚಾಳುಗಳ ನಡುವೆ, ಕಪ್ಪು ಕಲ್ಲಿನ ಆ ದೇವಾಲಯ ನಿಂತಿದೆ. ಬಾಗಿಲ ತೊಲೆಯ ಮೇಲೆ ಶಕ 982, ಅಂದರೆ 1060ರ ಶಾಸನವಿದೆ. ಗರ್ಭಗುಡಿ ನೆಲಮಟ್ಟದಿಂದ ಕೆಳಗೆ, ಮೆಟ್ಟಿಲಿಳಿದು ಹೋಗಬೇಕು. ಹೊರಗೋಡೆಯ ಶಿಲ್ಪಗಳನ್ನು ಕೊಂಕಣದ ಮಳೆ ಸಾವಿರ ವರ್ಷ ತಿಂದಿದೆ. ಆದರೂ ಮುಖಗಳು ಉಳಿದಿವೆ. ಇಷ್ಟು ಒಳ್ಳೆಯ ದೇವಾಲಯ ಮುಂಬಯಿಯ ಸುತ್ತಮುತ್ತ ಇನ್ನೊಂದಿಲ್ಲ ಎನ್ನಲು ನನಗೆ ಸಂಕೋಚವಿಲ್ಲ.

ಆ ವರ್ಷವೇ, ಶಕ 982ರಲ್ಲೇ, ತೆಂಕಣದ ದಿವೇ ಆಗರದಲ್ಲಿ ಒಂದು ತಾಮ್ರಪಟ ಬರೆಯಲ್ಪಟ್ಟಿತು. ಅದರ ಭಾಷೆ ಮರಾಠಿ. ಅರಸ ದೇವಾಲಯದ ತೊಲೆಯ ಮೇಲೆ ಸಂಸ್ಕೃತ ಬರೆಸುತ್ತಿದ್ದಾಗ ಊರವರು ತಮ್ಮ ವ್ಯವಹಾರವನ್ನು ತಮ್ಮ ನುಡಿಯಲ್ಲಿ ಬರೆದಿಟ್ಟರು. ಮುಂದಿನ ನೂರಿನ್ನೂರು ವರ್ಷಗಳಲ್ಲಿ ಆ ನುಡಿ ಅರಸರ ಕಲ್ಲಿಗೂ ಬಂತು. 1187ರ ಇಮ್ಮಡಿ ಅಪರಾದಿತ್ಯನ ಪರೇಲ್ ಶಾಸನ ಸಂಸ್ಕೃತದಲ್ಲಿ ಶುರುವಾಗಿ, ದಾನ ಕಸಿದುಕೊಳ್ಳುವವನಿಗೆ ಶಾಪ ಹಾಕುವ ಕೊನೆಯ ಘಟ್ಟದಲ್ಲಿ ಮರಾಠಿಗೆ ಹೊರಳುತ್ತದೆ. ಬೈಗುಳ ಜನರಿಗೆ ಅರ್ಥವಾಗಲೇಬೇಕಿತ್ತು. ಕತ್ತೆಯ ಚಿತ್ರ ಕೆತ್ತಿದ ಇಂಥ ಶಾಪದ ಕಲ್ಲುಗಳಿಗೆ ಮರಾಠಿಯಲ್ಲಿ ಗಧೇಗಳ ಎನ್ನುತ್ತಾರೆ, ಠಾಣೆ, ರಾಯಗಡ ಜಿಲ್ಲೆಗಳಲ್ಲಿ ಈಗಲೂ ಸಿಗುತ್ತವೆ. ಸಾನಪಾಡಾದಿಂದ ದೂರವಿಲ್ಲದ ಉರಣ್ ಬಳಿಯ ಚಾಂಜೆ, ರಾನವಡಗಳಲ್ಲಿ ಹದಿಮೂರನೇ ಶತಮಾನದ ಶಿಲಾಹಾರ ಅರಸ ಸೋಮೇಶ್ವರನ ಶಾಸನಗಳು ದೊರೆತಿವೆ.

ಮೇಲೆ ಬಂದ ಕಲ್ಯಾಣದ ಹೆಸರಿನ ಬಗ್ಗೆ ಸಣ್ಣ ಎಚ್ಚರಿಕೆ ಹೇಳಬೇಕು. ಕಲ್ಯಾಣ ಎಂದೊಡನೆ ನಮ್ಮವರು ಬಸವಣ್ಣನ ಕಲ್ಯಾಣವನ್ನೂ ಡೊಂಬಿವಲಿ ಪಕ್ಕದ ಕಲ್ಯಾಣವನ್ನೂ ಬೆರೆಸುವುದುಂಟು. ವಿಜ್ಞಾನೇಶ್ವರ ಯಾಜ್ಞವ‌ಲ್ಕ್ಯಸ್ಮೃತಿಗೆ ಮಿತಾಕ್ಷರಾ ಬರೆದದ್ದು ಬೀದರದ ಕಲ್ಯಾಣದಲ್ಲಿ. ಅದೇ ಸ್ಮೃತಿಗೆ ಇನ್ನೊಂದು ದೊಡ್ಡ ವ್ಯಾಖ್ಯಾನ ಬರೆದವನು ಠಾಣೆಯ ಶಿಲಾಹಾರ ಅಪರಾರ್ಕ, ಅಂದರೆ ಅಪರಾದಿತ್ಯ. ಕದಂಬರ ಕೈಸೇರಿದ್ದ ನಾಡನ್ನು ಮರಳಿ ಪಡೆದ ಮೊದಲನೆಯ ಅಪರಾದಿತ್ಯ ತೇಜಃಕಂಠನೆಂಬ ಪಂಡಿತನನ್ನು ಕಾಶ್ಮೀರಕ್ಕೆ ರಾಯಭಾರಿಯಾಗಿ ಕಳಿಸಿದ್ದ. ಅಲ್ಲಿನ ಕವಿ ಮಂಖ ತನ್ನ ಶ್ರೀಕಂಠಚರಿತದ ವಿದ್ವತ್ಸಭೆಯಲ್ಲಿ ಅವನನ್ನು ಹೆಸರಿಸಿದ್ದಾನೆ.

1265ರ ಸುಮಾರಿಗೆ ದೇವಗಿರಿಯ ಯಾದವ ಮಹಾದೇವ ಕೊಂಕಣದ ಮೇಲೆ ಏರಿಬಂದ. ಸೋಮೇಶ್ವರ ನೆಲದ ಮೇಲೆ ಸೋತು ಹಡಗು ಹತ್ತಿದ. ಮಹಾದೇವನ ಕೋಪಾಗ್ನಿಗಿಂತ ಕಡಲೊಳಗಿನ ಬಡಬಾಗ್ನಿಯೇ ಮೇಲೆಂದು ಮುಳುಗಿದನೆಂದು ಯಾದವರ ಮಂತ್ರಿ ಹೇಮಾದ್ರಿ ಬರೆದ. ಬೋರಿವಲಿಯ ಏಕ್ಸರಿನಲ್ಲಿ ಹಡಗಿನ ಕಾಳಗ ಕೆತ್ತಿದ ವೀರಗಲ್ಲುಗಳಿವೆ, ಸಾಲು ಹುಟ್ಟುಗಳ ನಾವೆಗಳು, ನೀರಿಗೆ ಬೀಳುವ ಯೋಧರು. ಕೆಲವು ವಿದ್ವಾಂಸರು ಅವನ್ನು ಈ ಕದನಕ್ಕೇ ಸೇರಿಸುತ್ತಾರೆ. ನಾಲ್ಕೂವರೆ ಶತಮಾನ ಆಳಿದ ಮನೆತನ ಹೀಗೆ ನೀರಿನಲ್ಲಿ ಮುಗಿಯಿತು. ಕವಡಿದ್ವೀಪ ಎಂಬ ಹೆಸರೂ ಅವರೊಂದಿಗೆ ಮರೆಯಾಯಿತು.

ಆಮೇಲಿನ ಹೆಸರುಗಳು ಬೇರೆಯವರವು. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಾ ವಸಾಯಿಯನ್ನೂ ಈ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಸಾಷ್ಟಿ ಅವರ ಬಾಯಲ್ಲಿ ಸಾಲ್ಸೆಟ್ ಆಯಿತು, ಬಂದರಿನ ಬಳಿ ನಿಂತಿದ್ದ ಕಲ್ಲಾನೆಯನ್ನು ಕಂಡು ಘಾರಾಪುರಿ ಎಲಿಫೆಂಟಾ ಆಯಿತು. ಆ ಆನೆ ಈಗ ಭಾಯಖಳಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಬಳಿ ಇದೆ. 1737ರಲ್ಲಿ ಮರಾಠರು ಸಾಷ್ಟಿಯನ್ನು ಗೆದ್ದರು, 1774ರ ಕೊನೆಗೆ ಠಾಣೆಯ ಕೋಟೆ ಇಂಗ್ಲಿಷರದಾಯಿತು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು, ಮರುವರ್ಷ ಖಾಡಿ ದಾಟಿ ಕಲ್ಯಾಣ ಮುಟ್ಟಿತು. ಅಲ್ಲಿಗೆ ದ್ವೀಪ ದ್ವೀಪವಾಗಿ ಉಳಿಯಲಿಲ್ಲ.

ಇಷ್ಟನ್ನು ಓದಿದ ಮೇಲೆ ಏನು ಹೇಳಬೇಕು? ಶಂ. ಬಾ. ಜೋಶಿಯವರು 1933ರಲ್ಲಿ 'ಕಣ್ಮರೆಯಾದ ಕನ್ನಡ' ಪ್ರಕಟಿಸಿ, ಕನ್ನಡ ಒಂದು ಕಾಲಕ್ಕೆ ಮಹಾರಾಷ್ಟ್ರದೊಳಗೆ ಎಷ್ಟು ದೂರ ಹರಡಿತ್ತೆಂದು ಊರ ಹೆಸರುಗಳ ಬೇರು ಹಿಡಿದು ಹುಡುಕಿದರು. ಅವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಈ ದ್ವೀಪಗಳ ಮಟ್ಟಿಗೆ ಸಾಕ್ಷ್ಯ ಹೇಳುವುದು ಸ್ಪಷ್ಟ: ಕನ್ನಡ ಇಲ್ಲಿ ಸಾಮ್ರಾಜ್ಯದ ನುಡಿಯಾಗಿತ್ತು, ಅರಸು ಮನೆತನದ ಬಿರುದಿನ ನುಡಿಯಾಗಿತ್ತು, ಅಧಿಕಾರಿಗಳ ಹೆಸರಿನಲ್ಲಿತ್ತು, ನೆಲದ ಮಕ್ಕಳ ನುಡಿಯಾಗಿರಲಿಲ್ಲ. ಇದು ಕನ್ನಡದ ನೆಲವಾಗಿತ್ತು ಎಂದು ಭಾಷಣ ಮಾಡುವವರು ಮಸೂದಿಯನ್ನು ಓದಬೇಕು. ಇಲ್ಲಿಗೆ ಕನ್ನಡ ಬಂದದ್ದೇ ಉಡುಪಿ ಹೋಟೆಲುಗಳ ಜೊತೆಗೆ ಎನ್ನುವವರು ಶಿಲಾಹಾರರ ಬಿರುದುಗಳನ್ನು ಓದಬೇಕು. ಸಾನಪಾಡಾ ಗಾಂವಿನಲ್ಲಿ ಆಗ್ರಿ, ಕೋಳಿ ಸಮುದಾಯಗಳ ಮನೆಗಳಲ್ಲಿ ಇಂದು ಕೇಳುವ ನುಡಿಯೇ ಈ ದಂಡೆಯ ಹಳೆಯ ನುಡಿ. ನಗರ ನಿರ್ಮಾಣ ಸಂಸ್ಥೆ ಸಿಡ್ಕೋ 1970ರಲ್ಲಿ ಹೊಸ ಶಹರ ಕಟ್ಟಲು ಹೊರಟಾಗ ತಮ್ಮ ಗದ್ದೆ, ಉಪ್ಪಿನ ಆಗರ ಬಿಟ್ಟುಕೊಟ್ಟವರೂ ಅವರೇ. ಅವರ ಮಾತಿಗೆ ನಾವು ಮೊದಲ ಗೌರವ ಕೊಡಬೇಕು. ಆಮೇಲೆ ನಮ್ಮ ಹಳೆಯ ನಂಟನ್ನು ಅವರೊಂದಿಗೆ ಹಂಚಿಕೊಳ್ಳಬೇಕು.

ನವಿಮುಂಬಯಿ, ಠಾಣೆ, ಡೊಂಬಿವಲಿಗಳ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುತ್ತವೆ, ಯಕ್ಷಗಾನ ಆಡಿಸುತ್ತವೆ. ಅದರ ಜೊತೆಗೆ ಮಕ್ಕಳನ್ನು ಒಂದು ದಿನ ಕಾನ್ಹೇರಿಗೂ ಒಂದು ದಿನ ಅಂಬರನಾಥಕ್ಕೂ ಕರೆದೊಯ್ಯಲಿ ಎಂಬುದು ನನ್ನ ಕೋರಿಕೆ. ಸಾನಪಾಡಾದಲ್ಲಿ ಠಾಣೆಯ ಲೋಕಲ್ ಹತ್ತಿದರೆ ಖಾಡಿ ದಾಟಿ ದ್ವೀಪ ಮುಟ್ಟುತ್ತೇವೆ. ಠಾಣೆಯಲ್ಲಿ ಗಾಡಿ ಬದಲಿಸಿದರೆ ಅಂಬರನಾಥ. ಕಾನ್ಹೇರಿಗೆ ಬೋರಿವಲಿಯಲ್ಲಿ ಇಳಿಯಬೇಕು. ಸೋಮವಾರ ಉದ್ಯಾನ ಮುಚ್ಚಿರುತ್ತದೆ, ಉಳಿದ ಯಾವ ದಿನ ಬೇಕಾದರೂ ಹೋಗಬಹುದು.